ಅಡ್ಡಗಾಳಿಯಲ್ಲಿ ಕಿರುವಿಮಾನದ ಇಳಿತ

ಸಂಸ್ಕೃತದಲ್ಲಿ ‘ಪಾರ್ಶ್ವ’ ಎಂದರೆ ಪಕ್ಕ, ‘ವಾಯು’ ಎಂದರೆ ಗಾಳಿ. ಇವೆರಡನ್ನೂ ಕೂಡಿಸಿ ಸಮಾಸ ಮಾಡಿದರೆ ಪಕ್ಕದಿಂದ ಬೀಸುವ ಗಾಳಿ ಎಂಬ ಅರ್ಥವೇ ಬರಬೇಕು. ಆದರೆ ‘ಪಾರ್ಶ್ವವಾಯು’ ಎಂದೊಡನೆ ಕನ್ನಡಿಗನಿಗೆ ನೆನಪಾಗುವುದು ದೇಹದ ಒಂದು ಮಗ್ಗುಲನ್ನು ನಿಶ್ಚೇಷ್ಟಗೊಳಿಸುವ ವ್ಯಾಧಿ. ಆದುದರಿಂದ ವಿಮಾನಶಾಸ್ತ್ರದ ಈ ವಿಷಯಕ್ಕೆ ‘ಅಡ್ಡಗಾಳಿ’ ಎಂಬ ಅಚ್ಚಗನ್ನಡದ ಮಾತೇ ಲೇಸು. ಆದರೂ ಒಂದು ಸಾಮ್ಯವಿಲ್ಲದಿಲ್ಲ. ಆ ವ್ಯಾಧಿಯಂತೆಯೆ ಈ ಗಾಳಿಯೂ ಸುಮುಹೂರ್ತ ನೋಡಿ ಬರುವುದಿಲ್ಲ. ಎಲ್ಲವೂ ಸುಗಮವಾಗಿ ಮುಗಿಯಿತೆಂದು ವೈಮಾನಿಕನು ನಿಟ್ಟುಸಿರು ಬಿಡುವ ಗಳಿಗೆಯಲ್ಲಿಯೇ ವಿಮಾನದ ಒಂದು ಮಗ್ಗುಲನ್ನು ಹಿಡಿದು ಅದನ್ನು ಅವನ ಅಂಕೆಯಿಂದ ಕಸಿದುಕೊಳ್ಳುತ್ತದೆ.

ಆಕಾಶದಲ್ಲಿ ಹಾರುವುದು ಕಷ್ಟ, ನೆಲಕ್ಕಿಳಿಯುವುದು ಸುಲಭ ಎಂಬುದು ಸಾಮಾನ್ಯರ ಭಾವನೆ. ವಾಸ್ತವ ಇದಕ್ಕೆ ವಿಪರೀತವಾದುದು. ಮೇಲೆ ಹಾರುತ್ತಿರುವ ವಿಮಾನಕ್ಕೆ ಸುತ್ತಲೂ ತೆರಪು ಉಂಟು. ಅಷ್ಟಿಷ್ಟು ಓರೆಯಾದರೂ ತಿದ್ದಿಕೊಳ್ಳಲು ಅವಕಾಶವುಂಟು. ನೆಲದ ಹತ್ತಿರ ಆ ತೆರಪು ಇಲ್ಲ. ಮೂವತ್ತು ಮೀಟರ್ ಅಗಲದ ಒಂದು ಪಟ್ಟಿಯ ನಡುಗೆರೆಯ ಮೇಲೆ, ಗಂಟೆಗೆ ನೂರು ಕಿಲೊಮೀಟರಿಗೂ ಮಿಗಿಲಾದ ವೇಗದಲ್ಲಿ ಬಂದು, ಮೃದುವಾಗಿ ಗಾಲಿಯೂರಿ, ನೆಟ್ಟಗೆ ಓಡಿ ನಿಲ್ಲಬೇಕು. ಗಾಳಿ ಎದುರಿನಿಂದ ಬಂದರೆ ಈ ಕೆಲಸಕ್ಕೆ ಅದು ಸಹಾಯಕ. ಪಕ್ಕದಿಂದ ಬಂದರೆ ವಿಘ್ನಕಾರಕ.

ಹಕ್ಕಿ ಕಲಿಸುವ ಪಾಠ

ಕೆರೆಯ ಏರಿಯ ಮೇಲೆ ನಿಂತು ಕೊಕ್ಕರೆಗಳು ಇಳಿಯುವುದನ್ನು ನೋಡಿದವರಿಗೆ ಒಂದು ಸಂಗತಿ ಹೊಳೆದಿರಬಹುದು. ಅವು ಎತ್ತಲಿಂದ ಬಂದರೂ ಇಳಿಯುವ ಮುನ್ನ ಒಂದು ಸುತ್ತು ತಿರುಗಿ ಗಾಳಿಗೆ ಮೊಗಮಾಡುತ್ತವೆ. ಎದುರುಗಾಳಿಯಲ್ಲಿ ರೆಕ್ಕೆಗೆ ಬೇಕಾದ ಗಾಳಿಯ ವೇಗ ದೊರೆಯುತ್ತದೆ, ನೆಲದ ಮೇಲಿನ ವೇಗವೋ ಕಡಮೆಯಾಗುತ್ತದೆ. ಕಣದಲ್ಲಿ ರಾಶಿ ತೂರುವ ರೈತನೂ ಮೊದಲು ಹಿಡಿ ಹೊಟ್ಟು ತೂರಿ ಗಾಳಿಯ ದಿಕ್ಕನ್ನರಿತು ನಿಲ್ಲುವ ಜಾಗವನ್ನು ಗೊತ್ತುಮಾಡಿಕೊಳ್ಳುತ್ತಾನೆ.

ವಿಮಾನಯುಗದ ಆದಿಯಲ್ಲಿ ಮನುಷ್ಯನೂ ಹಕ್ಕಿಯ ಈ ಕ್ರಮವನ್ನೇ ಅನುಸರಿಸಿದನು. ಅಂದಿನ ವಿಮಾನ ನಿಲ್ದಾಣವೆಂದರೆ ವಿಶಾಲವಾದೊಂದು ಹುಲ್ಲುಗಾವಲು. ಅದರ ಅಂಚಿನಲ್ಲಿ ಕಂಬದ ತುದಿಗೆ ಕಟ್ಟಿದ ಬಟ್ಟೆಯ ಗಾಳಿಚೀಲವನ್ನು ನೋಡಿ, ಯಾವ ದಿಕ್ಕಿಗೆ ಬೇಕಾದರೂ ಎದುರುಗಾಳಿಯಲ್ಲಿ ಇಳಿಯಬಹುದಾಗಿತ್ತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಅಂಚೆಯನ್ನು ಹೊತ್ತು ತಂದ ಪುಸ್ ಮಾತ್ ಎಂಬ ಪುಟ್ಟ ವಿಮಾನ ಅಂತಹ ಕಾಲಕ್ಕೆ ಸೇರಿದುದು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಅವರು ಅಂಚೆಯನ್ನು ನಮ್ಮ ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು.

ವಿಮಾನಗಳ ತೂಕ ಹೆಚ್ಚಿದಂತೆ ಹುಲ್ಲುಗಾವಲು ಸಾಲದಾಯಿತು. ಗಟ್ಟಿ ನೆಲಗಟ್ಟಿನ ಓಡುದಾರಿ, ಎಂದರೆ ರನ್‌ವೇ, ಬಂದಿತು. ಓಡುದಾರಿ ಸ್ಥಿರ, ಗಾಳಿ ಚರ. ಅಡ್ಡಗಾಳಿಯ ಸಮಸ್ಯೆ ಹುಟ್ಟಿದ್ದು ಈ ಸ್ಥಿರ–ಚರಗಳ ವೈಷಮ್ಯದಿಂದ. ಓಡುದಾರಿಯನ್ನು ನಿರ್ಮಿಸುವವರು ಆ ಪ್ರದೇಶದ ಗಾಳಿಯ ಲೆಕ್ಕವನ್ನು ವರ್ಷಗಟ್ಟಲೆ ಇಟ್ಟು, ಹೆಚ್ಚು ಕಾಲ ಬೀಸುವ ಗಾಳಿಗೆ ಅನುಗುಣವಾಗಿ ದಿಕ್ಕನ್ನು ನಿರ್ಣಯಿಸುತ್ತಾರೆ. ನೂರರಲ್ಲಿ 95 ಪಾಲು ಕಾಲವಾದರೂ ಅಡ್ಡಗಾಳಿಯ ಬಾಧೆಯಿಲ್ಲದೆ ನಿಲ್ದಾಣ ಉಪಯೋಗಕ್ಕೆ ಬರುವಂತಿರಬೇಕೆಂದು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಶಿಫಾರಸು. ಇದಕ್ಕಾಗಿ ಲೆಕ್ಕ ಹಾಕುವಾಗ 1,500 ಮೀಟರ್ ಮತ್ತು ಮೇಲ್ಪಟ್ಟ ಉದ್ದದ ದಾರಿ ಬೇಕಾಗುವ ವಿಮಾನಗಳಿಗೆ 20 ನಾಟ್ ಅಡ್ಡಗಾಳಿಯನ್ನೂ, 1,200 ಮೀಟರಿಗಿಂತ ಕಡಮೆ ಸಾಕಾಗುವ ಕಿರುವಿಮಾನಗಳಿಗೆ 10 ನಾಟ್ ಅಡ್ಡಗಾಳಿಯನ್ನೂ ಮೇರೆಯಾಗಿ ಹಿಡಿಯುತ್ತಾರೆ. ನಾಟ್ ಎಂಬುದು ನಾವಿಕರಿಂದ ವೈಮಾನಿಕರು ಪಡೆದ ಅಳತೆ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೊಮೀಟರ್. ಉಳಿದ ಐದು ಪಾಲಿನ ಕಾಲದಲ್ಲಿ ಏನು ಮಾಡಬೇಕೆಂಬ ಪ್ರಶ್ನೆ ವೈಮಾನಿಕನ ಪಾಲಿಗೆ ಉಳಿಯುತ್ತದೆ.

ಗಾಳಿಯ ಗಣಿತ

ಓಡುದಾರಿಯ ತುದಿಯಲ್ಲಿ ದೊಡ್ಡದಾಗಿ ಬರೆದಿರುವ ಅಂಕಿ ಅದರ ದಿಕ್ಕನ್ನು ಸೂಚಿಸುತ್ತದೆ. ಕಾಂತಸೂಚಿಯ ಉತ್ತರದಿಂದ ಎಣಿಸಿದ ಅಂಶಗಳನ್ನು ಹತ್ತಿರದ ಹತ್ತಕ್ಕೆ ಸರಿಮಾಡಿ, ಕೊನೆಯ ಸೊನ್ನೆಯನ್ನು ಬಿಟ್ಟು ಬರೆಯುವುದು ಪದ್ಧತಿ. 27 ಎಂದರೆ 270 ಅಂಶ, ಎಂದರೆ ಪಶ್ಚಿಮಾಭಿಮುಖ. ಗಾಳಿಗಾದರೋ ಅದು ಬರುವ ದಿಕ್ಕಿನಿಂದಲೇ ಹೆಸರು. ನೈಋತ್ಯ ಮಾರುತವೆಂದರೆ ನೈಋತ್ಯದಿಂದ ಬರುವ ಗಾಳಿ.

27ನೆಯ ಓಡುದಾರಿಯಲ್ಲಿ ಇಳಿಯುವಾಗ ಗಾಳಿ 240 ಅಂಶದಿಂದ 16 ನಾಟ್ ವೇಗದಲ್ಲಿ ಬೀಸುತ್ತಿದೆಯೆಂದು ಭಾವಿಸೋಣ. ದಾರಿಗೂ ಗಾಳಿಗೂ ನಡುವಣ ಕೋನ 30 ಅಂಶ. ಗಾಳಿಯ ವೇಗವನ್ನು ಆ ಕೋನದ ‘ಸೈನ್’ ಬೆಲೆಯಿಂದ ಗುಣಿಸಿದರೆ ಅಡ್ಡಗಾಳಿಯ ಪಾಲು ಸಿಕ್ಕುತ್ತದೆ. 30 ಅಂಶಕ್ಕೆ ಆ ಬೆಲೆ ಅರ್ಧ. ಆದುದರಿಂದ ಅಡ್ಡಗಾಳಿ 8 ನಾಟ್, ಅದೂ ಎಡಗಡೆಯಿಂದ. ಉಳಿದ ಪಾಲು ಎದುರುಗಾಳಿಯಾಗಿ ಉಪಕಾರವನ್ನೇ ಮಾಡುತ್ತದೆ. ಈಗ ಗಾಳಿಯ ವೇಗ ಕಿಂಚಿತ್ತೂ ಹೆಚ್ಚದೆ, ದಿಕ್ಕು ಮಾತ್ರ 240ರಿಂದ 210ಕ್ಕೆ ಸರಿಯಿತೆನ್ನೋಣ. ಕೋನ 60 ಅಂಶವಾಯಿತು. ಅಡ್ಡಗಾಳಿ ಸುಮಾರು 14 ನಾಟ್‌ಗೆ ಏರಿತು. ಎದುರುಗಾಳಿ 14ರಿಂದ 8ಕ್ಕೆ ಇಳಿಯಿತು. ವೇಗವನ್ನಷ್ಟೆ ಕೇಳಿ ದಿಕ್ಕನ್ನು ಅಲಕ್ಷಿಸಿದವನು ಮೋಸಹೋಗುವುದು ಹೀಗೆ.

ಈ ಆರು ನಾಟ್ ವ್ಯತ್ಯಾಸ ಅಲ್ಪವಲ್ಲ. ಸೆಸ್ನಾ 152 ಎಂಬ ಎರಡು ಪೀಠಗಳ ಶಿಕ್ಷಣ ವಿಮಾನದ ಕೈಪಿಡಿ 12 ನಾಟ್ ಅಡ್ಡಗಾಳಿಯವರೆಗೆ ಪರೀಕ್ಷೆಯಲ್ಲಿ ಇಳಿಸಿ ತೋರಿಸಲಾಗಿದೆ ಎನ್ನುತ್ತದೆ. ನಾಲ್ಕು ಪೀಠಗಳ ಸೆಸ್ನಾ 172ಕ್ಕೆ ಈ ಅಂಕಿ 15. ಇದು ವಿಮಾನದ ಪರಮಾವಧಿಯಲ್ಲ, ಪರೀಕ್ಷಕರು ತೋರಿಸಿದ ಮಟ್ಟ ಮಾತ್ರ. ಆದರೆ ಆ ಪರೀಕ್ಷಕರು ನುರಿತವರೆಂಬುದನ್ನು ಹೊಸಬನು ಮರೆಯಲಾಗದು. ಅವರಿಗೆ ಸಾಧ್ಯವಾದುದು ಹತ್ತು ಗಂಟೆಗಳ ಅಭ್ಯಾಸವುಳ್ಳವನಿಗೂ ಸಾಧ್ಯವೆಂಬ ಭರವಸೆಯನ್ನು ಆ ಅಂಕಿ ಕೊಡುವುದಿಲ್ಲ.

ಅಂಬಿಗನ ಉಪಾಯ, ದಾರಿಹೋಕನ ಉಪಾಯ

65 ನಾಟ್ ವೇಗದಲ್ಲಿ ಇಳಿದು ಬರುವ ಕಿರುವಿಮಾನವನ್ನು 8 ನಾಟ್ ಅಡ್ಡಗಾಳಿ ಪ್ರತಿ ಸೆಕೆಂಡಿಗೆ ನಾಲ್ಕು ಮೀಟರ್‌ನಷ್ಟು ಪಕ್ಕಕ್ಕೆ ತೇಲಿಸುತ್ತದೆ. ಮೂಗನ್ನು ಓಡುದಾರಿಯ ಕಡೆಗೆ ನೇರವಾಗಿ ಹಿಡಿದು ಸುಮ್ಮನೆ ಕುಳಿತರೆ ನಾಲ್ಕೇ ಸೆಕೆಂಡಿನಲ್ಲಿ ವಿಮಾನ ನಡುಗೆರೆಯಿಂದ ದಾರಿಯ ಅಂಚಿಗೆ ಸರಿದಿರುತ್ತದೆ. ಇದಕ್ಕೆ ಎರಡು ಉಪಾಯಗಳುಂಟು.

ಮೊದಲನೆಯದು ಅಂಬಿಗನ ಉಪಾಯ. ಹರಿಯುವ ಹೊಳೆಯನ್ನು ದಾಟುವ ಅಂಬಿಗನು ಎದುರು ದಡದ ಕಟ್ಟೆಗೆ ನೇರವಾಗಿ ದೋಣಿಯ ಮೂತಿಯನ್ನು ಹಿಡಿಯುವುದಿಲ್ಲ. ಪ್ರವಾಹ ಬರುವ ಕಡೆಗೆ ತುಸು ಓರೆಯಾಗಿ ಹಿಡಿಯುತ್ತಾನೆ. ದೋಣಿ ಓರೆಯಾಗಿ ಕಂಡರೂ ಕಟ್ಟೆಗೆ ನೆಟ್ಟಗೆ ಬಂದು ಸೇರುತ್ತದೆ. ವೈಮಾನಿಕನೂ ಹಾಗೆಯೆ ವಿಮಾನದ ಮೂಗನ್ನು ಗಾಳಿಯತ್ತ ಓರೆಮಾಡುತ್ತಾನೆ. 8 ನಾಟ್ ಅಡ್ಡಗಾಳಿಗೆ ಸುಮಾರು 7 ಅಂಶದ ಓರೆ ಸಾಕು. 14 ನಾಟ್‌ಗೆ 12 ಅಂಶ ಬೇಕು. ಏಡಿಯ ನಡಿಗೆಯನ್ನು ಹೋಲುವುದರಿಂದ ಇಂಗ್ಲಿಷರು ಇದಕ್ಕೆ ಏಡಿಯ ಹೆಸರನ್ನೇ ಇಟ್ಟಿದ್ದಾರೆ. ಆದರೆ ಗಾಲಿಗಳು ಓರೆಯಾಗಿರುವಂತೆಯೇ ನೆಲ ಮುಟ್ಟಿದರೆ ಅವುಗಳ ಮೇಲೆ ಪಕ್ಕದ ಒತ್ತಡ ಬೀಳುತ್ತದೆ. ಆದುದರಿಂದ ನೆಲ ಮುಟ್ಟುವ ಕ್ಷಣಕ್ಕೆ ಮುನ್ನ ಕಾಲಿನಿಂದ ಚುಕ್ಕಾಣಿಯನ್ನೊತ್ತಿ ಮೂಗನ್ನು ನೆಟ್ಟಗೆ ಮಾಡಬೇಕು. ಬೇಗ ಮಾಡಿದರೆ ವಿಮಾನ ಮತ್ತೆ ಪಕ್ಕಕ್ಕೆ ತೇಲತೊಡಗುತ್ತದೆ. ತಡಮಾಡಿದರೆ ಗಾಲಿಗೆ ಪೆಟ್ಟು.

ಎರಡನೆಯದು ದಾರಿಹೋಕನ ಉಪಾಯ. ಆಷಾಢದ ಗಾಳಿಯಲ್ಲಿ ಕೆರೆಯ ಏರಿಯ ಮೇಲೆ ನಡೆಯುವವನು ತನಗೆ ತಿಳಿಯದಂತೆಯೆ ಗಾಳಿಯ ಕಡೆಗೆ ಮೈಯನ್ನು ವಾಲಿಸುತ್ತಾನೆ. ವೈಮಾನಿಕನು ಗಾಳಿ ಬರುವ ಕಡೆಯ ರೆಕ್ಕೆಯನ್ನು ತುಸು ತಗ್ಗಿಸಿ, ಎದುರು ಕಾಲಿನಿಂದ ಚುಕ್ಕಾಣಿಯನ್ನೊತ್ತಿ ಮೂಗು ತಿರುಗದಂತೆ ತಡೆಯುತ್ತಾನೆ. ಗಾಳಿ ಎಡದಿಂದ ಬಂದರೆ ಕೈ ಎಡಕ್ಕೆ, ಕಾಲು ಬಲಕ್ಕೆ. ತಗ್ಗಿದ ರೆಕ್ಕೆ ವಿಮಾನವನ್ನು ಗಾಳಿಯ ಕಡೆಗೆ ಎಳೆಯುತ್ತದೆ, ಗಾಳಿ ಅದನ್ನು ಆಚೆಗೆ ತಳ್ಳುತ್ತದೆ. ಎರಡೂ ಸಮವಾದಾಗ ವಿಮಾನ ನಡುಗೆರೆಯನ್ನು ಬಿಡದು. ಹೀಗೆ ಇಳಿಯುವಾಗ ಮೊದಲು ಎಡಗಾಲಿ, ಬಳಿಕ ಬಲಗಾಲಿ, ಕೊನೆಗೆ ಮೂಗುಗಾಲಿ ನೆಲ ಮುಟ್ಟುವುದು ಸರಿಯಾದ ಕ್ರಮ. ನೋಡುವವರಿಗೆ ಒಂಟಿಗಾಲಿನ ಇಳಿತ ಅಪಾಯವೆಂದು ತೋರಬಹುದು, ಅದೇ ಕ್ಷೇಮ. ಬಹುಮಂದಿ ವೈಮಾನಿಕರು ದೂರದಲ್ಲಿ ಅಂಬಿಗನಾಗಿ ಬಂದು, ನೆಲದ ಸಮೀಪದಲ್ಲಿ ದಾರಿಹೋಕನಾಗಿ ಇಳಿಯುತ್ತಾರೆ.

ಗಾಲಿ ಮುಟ್ಟಿದ ಮೇಲೆ

ಹೊಳೆ ದಾಟಿದ ಮೇಲೆ ಅಂಬಿಗನ ಮಿಂಡನೆಂಬ ಗಾದೆಯಂತೆ, ಗಾಲಿ ನೆಲ ಮುಟ್ಟಿದೊಡನೆ ಗಾಳಿಯ ಹಂಗು ತೀರಿತೆಂದು ಬಗೆಯುವುದೇ ಅನರ್ಥಕ್ಕೆ ಮೂಲ. ವಿಮಾನ ಆಗ ಪೂರ್ಣವಾಗಿ ಖೇಚರವೂ ಅಲ್ಲ, ಪೂರ್ಣವಾಗಿ ಭೂಚರವೂ ಅಲ್ಲ. ರೆಕ್ಕೆಗಳು ಇನ್ನೂ ಅದರ ತೂಕದ ಬಹುಭಾಗವನ್ನು ಹೊತ್ತಿರುತ್ತವೆ. ಗಾಲಿಗಳ ಮೇಲೆ ಭಾರವಿಲ್ಲ, ಭಾರವಿಲ್ಲದ ಗಾಲಿಗೆ ನೆಲದ ಹಿಡಿತವಿಲ್ಲ.

ಇತ್ತ ಚುಕ್ಕಾಣಿಯ ಬಲವೂ ಕುಂದುತ್ತ ಬರುತ್ತದೆ. ಚುಕ್ಕಾಣಿಗೆ ಬಲ ಬರುವುದು ಅದರ ಮೇಲೆ ಹರಿಯುವ ಗಾಳಿಯಿಂದ; ಆ ಬಲ ವೇಗದ ವರ್ಗಕ್ಕೆ ಅನುಗುಣವಾದುದು. ವೇಗ ಅರ್ಧಕ್ಕಿಳಿದರೆ ಬಲ ಕಾಲುಭಾಗಕ್ಕಿಳಿಯುತ್ತದೆ. ಆದರೆ ಅಡ್ಡಗಾಳಿ ಕುಂದುವುದಿಲ್ಲ. ಅದು ಎಂಟು ನಾಟ್ ಇದ್ದುದು ಎಂಟೇ ಆಗಿರುತ್ತದೆ. ವಿಮಾನ 65 ನಾಟ್ ವೇಗದಲ್ಲಿದ್ದಾಗ ಏಳು ಅಂಶ ಓರೆಯಿಂದ ಬರುತ್ತಿದ್ದಂತೆ ತೋರಿದ ಗಾಳಿ, ವೇಗ 20 ನಾಟ್‌ಗೆ ಇಳಿದಾಗ ಇಪ್ಪತ್ತು ಅಂಶಕ್ಕೂ ಹೆಚ್ಚು ಓರೆಯಿಂದ ಬಂದಂತಾಗುತ್ತದೆ. ಎಂದರೆ ಶತ್ರುವಿನ ಬಲ ಇದ್ದಂತೆಯೇ ಇದ್ದು, ಕೈಯಲ್ಲಿನ ಆಯುಧ ಮೊಂಡಾಗುತ್ತಿರುತ್ತದೆ. ಚುಕ್ಕಾಣಿಯ ಹಿಡಿತ ಕುಂದಿ, ಗಾಲಿಯ ಹಿಡಿತ ಇನ್ನೂ ಪೂರ್ತಿಯಾಗಿ ಒದಗದಿರುವ ಈ ಕೆಲವು ಸೆಕೆಂಡುಗಳೇ ಸಂಧಿಕಾಲ.

ಈ ಸಂಧಿಕಾಲದಲ್ಲಿ ಗಾಳಿ ಮಾಡುವ ಕೆಲಸ ಎರಡು. ವಿಮಾನದ ಬಾಲದಲ್ಲಿ ನೆಟ್ಟಗೆ ನಿಂತ ಫಲಕವೊಂದುಂಟು. ಪಕ್ಕದ ಗಾಳಿ ಅದನ್ನು ಹಿಡಿದು ತಳ್ಳಿದಾಗ ಬಾಲ ಆಚೆಗೆ ಸರಿದು ಮೂಗು ಗಾಳಿಯ ಕಡೆಗೆ ತಿರುಗುತ್ತದೆ; ಮಾಳಿಗೆಯ ಮೇಲಿನ ಗಾಳಿಕೋಳಿ ಗಾಳಿಗೆ ಮೊಗಮಾಡುವಂತೆಯೆ. ಇದು ಮೊದಲನೆಯದು. ಗಾಳಿ ಬರುವ ಕಡೆಯ ರೆಕ್ಕೆಯ ಅಡಿಗೆ ಗಾಳಿ ನುಗ್ಗಿ ಅದನ್ನು ಎತ್ತುವುದು ಎರಡನೆಯದು. ಎಡಗಾಳಿಯಲ್ಲಿ ಮೂಗು ಎಡಕ್ಕೆ ಹೊರಳುತ್ತದೆ. ತಿರುವಿನಲ್ಲಿ ಓಡುವ ಗಾಡಿ ಹೊರಗಡೆಗೆ ವಾಲುವಂತೆ ವಿಮಾನ ಬಲಕ್ಕೆ ವಾಲುತ್ತದೆ. ಎಡರೆಕ್ಕೆ ಎದ್ದು ಬಲರೆಕ್ಕೆಯ ತುದಿ ನೆಲವನ್ನು ಕೆರೆಯಲೂಬಹುದು. ಅಷ್ಟರಲ್ಲಿ ದಾರಿಯ ಅಂಚು ಬಂದಿರುತ್ತದೆ. ಅಂಚಿನಾಚೆ ಮೆತ್ತನೆಯ ಮಣ್ಣು, ಚರಂಡಿ, ದೀಪದ ಕಂಬ ಏನಿರುವುದೋ ಹೇಳಲಾಗದು.

ಹೊಸಬನ ತಪ್ಪುಗಳು

ವಿದ್ಯಾರ್ಥಿಯೊಬ್ಬನು ಗುರುವಿಲ್ಲದೆ ಒಬ್ಬನೇ ಹಾರಿ ಬಂದು ಇಳಿಯುತ್ತಿರುವನೆಂದು ಭಾವಿಸಿ, ಅವನ ಕೈಕಾಲುಗಳನ್ನು ಗಮನಿಸಿದರೆ ತಪ್ಪುಗಳ ಸರಪಣಿ ಕಾಣುತ್ತದೆ.

ಗಾಳಿಯ ಭಯದಿಂದ ಅವನು ವೇಗವನ್ನು ಅಗತ್ಯಕ್ಕಿಂತ ಹೆಚ್ಚಾಗಿ ಇಟ್ಟುಕೊಂಡು ಬರುತ್ತಾನೆ. ಹೆಚ್ಚಾದ ವೇಗದಿಂದ ವಿಮಾನ ನೆಲ ಮುಟ್ಟಲೊಲ್ಲದೆ ದಾರಿಯ ಮೇಲೆ ಗಜಗಟ್ಟಲೆ ತೇಲುತ್ತದೆ. ಬೇಸತ್ತ ಅವನು ಹಿಡಿಯನ್ನು ಮುಂದೊತ್ತಿ ಬಲಾತ್ಕಾರವಾಗಿ ಗಾಲಿಯೂರಿಸುತ್ತಾನೆ. ಆಗ ಭಾರವೆಲ್ಲ ಮೂಗುಗಾಲಿಯ ಮೇಲೆ ಬಿದ್ದು ಹಿಂದಣ ಗಾಲಿಗಳು ಹಗುರಾಗುತ್ತವೆ. ವಿಮಾನ ಮಣ್ಣು ಹೊರುವ ಒಂಟಿಗಾಲಿಯ ಕೈಬಂಡಿಯಂತೆ ಮೂಗಿನ ಮೇಲೆ ತಿರುಗಲು ಸಿದ್ಧವಾಗುತ್ತದೆ. ಇದು ಮೊದಲ ತಪ್ಪು.

ಗಾಲಿ ಮುಟ್ಟಿತೆಂಬ ಸಮಾಧಾನದಿಂದ ಗಾಳಿಯತ್ತ ವಾಲಿಸಿದ್ದ ಹಿಡಿಯನ್ನು ನಡುವಿಗೆ ತರುತ್ತಾನೆ. ರೆಕ್ಕೆಯನ್ನು ತಗ್ಗಿಸಿ ಹಿಡಿದಿದ್ದ ಏಲೆರಾನ್ ಎಂಬ ಅಂಚುಫಲಕ ಸಮವಾಗುತ್ತದೆ. ಗಾಳಿಗೆ ಬಾಗಿಲು ತೆರೆದಂತಾಗುತ್ತದೆ. ಇದು ಎರಡನೆಯದು. ವೇಗ ಕುಂದಿದಂತೆಲ್ಲ ಆ ಹಿಡಿಯನ್ನು ಇನ್ನೂ ಹೆಚ್ಚಾಗಿ ಗಾಳಿಯ ಕಡೆಗೆ ತಿರುಗಿಸುತ್ತ ಹೋಗಬೇಕೆಂಬುದು ವಿಹಿತವಾದ ಕ್ರಮ; ಕೊನೆಗೆ ಅದು ಪೂರ್ತಿಯಾಗಿ ಅತ್ತ ತಿರುಗಿರಬೇಕು.

ಮೂರನೆಯದು ಎಲ್ಲಕ್ಕಿಂತ ಸ್ವಾರಸ್ಯಕರ, ಎಲ್ಲಕ್ಕಿಂತ ಘಾತುಕ. ಮೂಗು ಎಡಕ್ಕೆ ಹೊರಳಿದೊಡನೆ, ಮೋಟಾರು ನಡೆಸಿದ ಅಭ್ಯಾಸಬಲದಿಂದ, ಅವನ ಕೈ ಎದುರಿಗಿರುವ ಚಕ್ರವನ್ನು ಬಲಕ್ಕೆ ತಿರುಗಿಸುತ್ತದೆ. ವಿಮಾನದ ಆ ಚಕ್ರ ಗಾಲಿಗಳನ್ನು ತಿರುಗಿಸುವುದಿಲ್ಲ, ರೆಕ್ಕೆಗಳನ್ನು ಏರಿಳಿಸುತ್ತದೆ. ಬಲಕ್ಕೆ ತಿರುಗಿಸಿದರೆ ಎಡರೆಕ್ಕೆ ಏಳುತ್ತದೆ. ಗಾಳಿ ಮಾಡಬಯಸಿದ ಕೆಲಸಕ್ಕೆ ವೈಮಾನಿಕನೇ ಕೈಕೊಟ್ಟಂತಾಯಿತು. ನೆಲದ ಮೇಲೆ ದಿಕ್ಕನ್ನು ಕಾಯುವುದು ಕೈಯಲ್ಲ, ಕಾಲು. ಹಳೆಯ ಅಭ್ಯಾಸವನ್ನು ಮರೆಯುವುದು ಹೊಸ ವಿದ್ಯೆಯನ್ನು ಕಲಿಯುವುದಕ್ಕಿಂತ ಕಷ್ಟವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರಕದು.

ನಾಲ್ಕನೆಯದು ಅತಿತಿದ್ದುಪಡಿ. ಗಾಬರಿಯಿಂದ ಬಲಪೆಡಲನ್ನು ಪೂರ್ಣವಾಗಿ ಒತ್ತಿ ಹಿಡಿದರೆ ಮೂಗು ಬಲಕ್ಕೆ ಚಿಮ್ಮುತ್ತದೆ. ಅದನ್ನು ತಡೆಯಲು ಎಡಕ್ಕೆ, ಮತ್ತೆ ಬಲಕ್ಕೆ, ಒಂದೊಂದು ಸಲವೂ ಹೊರಳು ಹಿರಿದಾಗುತ್ತದೆ. ಜಾತ್ರೆಯ ತೇರನ್ನು ನೋಡಿದವರು ಈ ಮರ್ಮವನ್ನು ಬಲ್ಲರು. ತೇರು ಒಂದು ಗೇಣು ಓರೆಯಾದಾಗಲೇ ಗಾಲಿಯ ಮುಂದೆ ಮರದ ತುಂಡನ್ನು ಕೊಟ್ಟು ತಿದ್ದುವವನು ಕುಶಲಿ; ಅಂಗಡಿಯ ಸಾಲಿಗೆ ತಾಗುವವರೆಗೆ ಕಾದು ಆಮೇಲೆ ಕೂಗುವವನು ಅಲ್ಲ. ಸಣ್ಣ ಓರೆಗೆ ಸಣ್ಣ ಒತ್ತು, ಒಡನೆಯೇ. ಒತ್ತಿದ ಮೇಲೆ ಒಡನೆಯೇ ಸಡಿಲ. ವೈಮಾನಿಕನ ಪಾದಗಳು ಪೆಡಲಿನ ಮೇಲೆ ಸದಾ ಜೀವಂತವಾಗಿರಬೇಕು.

ಬಾಲಗಾಲಿ, ಮೂಗುಗಾಲಿ

ಹಳೆಯ ವಿಮಾನಗಳಿಗೆ ಮುಂದೆ ಎರಡು ದೊಡ್ಡ ಗಾಲಿಗಳೂ ಬಾಲದಡಿಯಲ್ಲಿ ಒಂದು ಪುಟ್ಟ ಗಾಲಿಯೂ ಇರುತ್ತಿದ್ದುವು. ಬೆಂಗಳೂರಿನ ಹಿಂದುಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ಎಚ್.ಟಿ.–2, 1958ರಲ್ಲಿ ಹಾರಿದ ‘ಪುಷ್ಪಕ’ ಇವೆರಡೂ ಬಾಲಗಾಲಿಯವೇ. ಭಾರತದ ಎಷ್ಟೋ ವೈಮಾನಿಕರು ಅಕ್ಷರಾಭ್ಯಾಸ ಮಾಡಿದ್ದು ಇವುಗಳ ಮೇಲೆ. ಇವುಗಳಲ್ಲಿ ವಿಮಾನದ ಗುರುತ್ವಕೇಂದ್ರ ದೊಡ್ಡ ಗಾಲಿಗಳ ಹಿಂದೆ ಬೀಳುತ್ತದೆ. ನೆಲದ ತಡೆ ಮುಂದೆ, ಭಾರ ಹಿಂದೆ. ಮೂಗು ಸ್ವಲ್ಪ ಹೊರಳಿತೆಂದರೆ ಹಿಂದಣ ಭಾರ ತನ್ನ ಜಡತ್ವದಿಂದ ನೇರವಾಗಿ ಮುನ್ನುಗ್ಗಲು ಹವಣಿಸಿ ಆ ಹೊರಳನ್ನು ಹೆಚ್ಚಿಸುತ್ತದೆ. ಗರಿಯ ಕಡೆಯನ್ನು ಮುಂದೆ ಮಾಡಿ ಎಸೆದ ಬಾಣ ನೆಟ್ಟಗೆ ಹೋಗದೆ ಹಿಂದುಮುಂದಾಗುವಂತೆ, ವಿಮಾನ ನೆಲದ ಮೇಲೆಯೆ ಗಿರ್ರನೆ ಒಂದು ಸುತ್ತು ಸುತ್ತಿಬಿಡುತ್ತದೆ. ಇದಕ್ಕೆ ‘ಗ್ರೌಂಡ್ ಲೂಪ್’ ಎಂದು ಹೆಸರು. ಕನ್ನಡದಲ್ಲಿ ನೆಲಸುತ್ತು ಎನ್ನಬಹುದು.

ಅಮೆರಿಕದ ಪ್ರಖ್ಯಾತ ವೈಮಾನಿಕೆ ಅಮೇಲಿಯಾ ಇಯರ್‌ಹಾರ್ಟ್ ಅವರಿಗೂ ಈ ವಿಪತ್ತು ತಪ್ಪಲಿಲ್ಲ. 1937ರ ಮಾರ್ಚ್ 20ರಂದು ಹವಾಯಿ ದ್ವೀಪದಿಂದ ಮೇಲೇರಲು ಓಡುತ್ತಿದ್ದ ಅವರ ವಿಮಾನ ದಿಕ್ಕು ತಪ್ಪಿ ಸುತ್ತಿಬಿದ್ದು ಗಾಲಿಯ ಕಾಲುಗಳು ಮುರಿದುವು. ಅದರ ಕಾರಣದ ಬಗ್ಗೆ ತಿಳಿದವರಲ್ಲಿ ಏಕಾಭಿಪ್ರಾಯವಿಲ್ಲ; ಪರಿಣಾಮ ಮಾತ್ರ ಎಲ್ಲರಿಗೂ ಗೊತ್ತು. ವಿಮಾನವನ್ನು ಹಡಗಿನಲ್ಲಿ ಹೊತ್ತೊಯ್ದು ದುರಸ್ತಿಮಾಡಬೇಕಾಯಿತು, ಪ್ರಪಂಚ ಪರ್ಯಟನ ತಿಂಗಳುಗಟ್ಟಲೆ ತಡವಾಯಿತು, ಮಾರ್ಗವೇ ತಿರುವುಮುರುವಾಯಿತು. ಆ ಹೊಸ ಮಾರ್ಗದಲ್ಲಿಯೇ ಅವರು ಜೂನ್ ತಿಂಗಳಲ್ಲಿ ಕರಾಚಿ, ಕಲ್ಕತ್ತೆಗಳನ್ನು ಹಾದು, ಜುಲೈ 2ರಂದು ಶಾಂತಸಾಗರದ ಮೇಲೆ ಕಣ್ಮರೆಯಾದರು.

ಮೂಗಿನಡಿಗೆ ಗಾಲಿಯನ್ನಿಟ್ಟು, ಎರಡು ದೊಡ್ಡ ಗಾಲಿಗಳನ್ನು ಗುರುತ್ವಕೇಂದ್ರದ ಹಿಂದೆ ಸರಿಸಿದುದರಿಂದ ಈ ಕಷ್ಟ ಬಹುಮಟ್ಟಿಗೆ ಕಡಮೆಯಾಯಿತು. ಭಾರ ಮುಂದೆ, ತಡೆ ಹಿಂದೆ. ಬಾಣ ಈಗ ಸರಿಯಾದ ಕಡೆಗೆ ಮೊಗಮಾಡಿತು. ಎತ್ತುಗಳು ಮುಂದೆ ಎಳೆಯುವಾಗ ಗಾಡಿ ತಾನಾಗಿ ಹಿಂಬಾಲಿಸುವಂತೆ ವಿಮಾನ ನೆಟ್ಟಗಾಗುವ ಸ್ವಭಾವವನ್ನು ಪಡೆಯಿತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ಸಿದ್ಧವಾಗಿ 1993ರಲ್ಲಿ ಮೊದಲು ಹಾರಿದ ‘ಹಂಸ’ ಈ ಬಗೆಯದು. 1937ರಲ್ಲಿ ಹಾರಿದ ಅಮೆರಿಕದ ಎರ್ಕೂಪ್ ಎಂಬ ವಿಮಾನದಲ್ಲಂತೂ ಚುಕ್ಕಾಣಿಯ ಪೆಡಲುಗಳನ್ನೇ ಕೈಬಿಟ್ಟು, ಓರೆಯಾಗಿಯೇ ನೆಲ ಮುಟ್ಟಿ ತಾನಾಗಿ ನೆಟ್ಟಗಾಗುವಂತೆ ಗಾಲಿಗಳನ್ನು ಗಟ್ಟಿಮಾಡಿದರು. ಅಮೆರಿಕದ ದೈತ್ಯ ಬಾಂಬರ್ ಬಿ–52ರಲ್ಲಿ ಗಾಲಿಗಳನ್ನೇ ಇಪ್ಪತ್ತು ಅಂಶದವರೆಗೆ ಓರೆಮಾಡಿಕೊಂಡು, ಮೂಗು ಗಾಳಿಯತ್ತ ಇರುವಂತೆಯೇ ನೆಟ್ಟಗೆ ಓಡುವ ಏರ್ಪಾಡುಂಟು.

ಆದರೆ ಯಂತ್ರವೆಷ್ಟೇ ಸುಧಾರಿಸಿದರೂ ಮನುಷ್ಯನ ಎಚ್ಚರಕ್ಕೆ ಪ್ರತಿನಿಧಿಯಿಲ್ಲ. 2008ರ ಡಿಸೆಂಬರ್ 20ರಂದು ಅಮೆರಿಕದ ಡೆನ್ವರಿನಲ್ಲಿ 115 ಮಂದಿಯನ್ನು ಹೊತ್ತು ಮೇಲೇರಲು ಓಡುತ್ತಿದ್ದ ಬೋಯಿಂಗ್ 737 ವಿಮಾನ, ಎಡದಿಂದ ರಭಸವಾಗಿ ಬೀಸಿದ ಗಾಳಿಗೆ ಸಿಕ್ಕಿ ಎಡಕ್ಕೆ ಹೊರಳಿ ದಾರಿಯಿಂದ ಹೊರಗೆ ಓಡಿ ಬೆಂಕಿಗೆ ಆಹುತಿಯಾಯಿತು. ದೈವವಶಾತ್ ಒಬ್ಬರ ಪ್ರಾಣವೂ ಹೋಗಲಿಲ್ಲ. ಬೇಕಾಗಿದ್ದ ಬಲಚುಕ್ಕಾಣಿಯ ಒತ್ತನ್ನು ವೈಮಾನಿಕನು ಕೆಲವು ಸೆಕೆಂಡುಗಳ ಮುನ್ನ ಬಿಟ್ಟುಬಿಟ್ಟಿದ್ದನೆಂದೂ, ಅವನ ಶಿಕ್ಷಣ–ಅನುಭವಗಳಿಗೆ ಮೀರಿದ ಗಾಳಿ ಅದಾಗಿತ್ತೆಂದೂ ತನಿಖೆಯವರು ನಿರ್ಣಯಿಸಿದರು. ದೊಡ್ಡ ವಿಮಾನದ ಗತಿಯೇ ಹೀಗಾದರೆ ಸಾವಿರ ಕಿಲೊಗ್ರಾಮಿನ ಆಸುಪಾಸಿನ ಕಿರುವಿಮಾನದ ಪಾಡೇನು!

ಮತ್ತೊಂದು ಸುತ್ತು

ದಿಕ್ಕು ತಪ್ಪುವ ಲಕ್ಷಣ ಕಂಡಾಗ ಮಾಡತಕ್ಕುದೇನು? ನೆಲ ಮುಟ್ಟುವ ಮುನ್ನ ಕಾಲು ಪೂರ್ಣವಾಗಿ ಒತ್ತಿದರೂ ಮೂಗು ದಾರಿಯ ನೇರಕ್ಕೆ ನಿಲ್ಲದಿದ್ದರೆ, ಆ ಗಾಳಿ ಆ ವಿಮಾನಕ್ಕೆ ಮೀರಿದುದೆಂದು ಅರ್ಥ. ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕಿಲ್ಲ. ಎಂಜಿನ್ನಿಗೆ ಪೂರ್ಣಶಕ್ತಿ ಕೊಟ್ಟು, ಮೇಲೇರಿ, ಮತ್ತೊಂದು ಸುತ್ತು ಬಂದು ಪ್ರಯತ್ನಿಸಬಹುದು. ಇಲ್ಲವೆ ಗಾಳಿಗೆ ಎದುರಾದ ದಾರಿಯಿರುವ ಬೇರೆ ನಿಲ್ದಾಣಕ್ಕೆ ಹೋಗಬಹುದು. ಹೊರಡುವ ಮುನ್ನವೇ ಅದಕ್ಕೆ ಬೇಕಾಗುವಷ್ಟು ಇಂಧನವನ್ನು ಮೀಸಲಿಟ್ಟುಕೊಳ್ಳುವುದು ಈ ಕಾರಣದಿಂದಲೇ. ಗಾಲಿ ಮುಟ್ಟಿದ ಮೇಲೆ ವೇಗ ಸಾಕಷ್ಟಿದ್ದು, ಮೂಗು ಇನ್ನೂ ನೆಟ್ಟಗಿದ್ದು, ಮುಂದೆ ದಾರಿ ಉಳಿದಿದ್ದರೆ ಆಗಲೂ ಮೇಲೇರಬಹುದು. ವೇಗ ಕುಂದಿ ವಿಮಾನ ಅಂಚಿನತ್ತ ಹೊರಳಿದ ಮೇಲೆ ಹಾರಹೊರಟರೆ ಅಪಾಯ ಇಮ್ಮಡಿ; ಆಗ ಎಂಜಿನ್ನಿನ ಶಕ್ತಿಯನ್ನು ಪೂರ್ಣವಾಗಿ ತಗ್ಗಿಸಿ, ಹಿಡಿಯನ್ನು ಗಾಳಿಯ ಕಡೆಗೆ ತಿರುಗಿಸಿ ಹಿಡಿದು, ಕಾಲಿನಿಂದ ಎದುರು ಒತ್ತು ಕೊಟ್ಟು, ಬ್ರೇಕನ್ನು ಹದವಾಗಿ ಬಳಸಿ ನಿಲ್ಲಿಸುವುದೇ ವಿವೇಕ.

ಈ ‘ಮತ್ತೊಂದು ಸುತ್ತು’ ಎಂಬುದು ಹೇಳಲು ಸುಲಭ, ಮಾಡಲು ಕಷ್ಟ. ಕೆಳಗೆ ಸಹಪಾಠಿಗಳು ನೋಡುತ್ತಿರುತ್ತಾರೆ, ಗುರು ನೋಡುತ್ತಿರುತ್ತಾನೆ. ಇಳಿಯಲಾರದೆ ಹೋದನೆಂಬ ನಗೆ ಕಿವಿಗೆ ಬಿದ್ದಂತಾಗುತ್ತದೆ. ಅಹಂಕಾರ ‘ಇಳಿ’ ಎನ್ನುತ್ತದೆ, ವಿದ್ಯೆ ‘ಏರು’ ಎನ್ನುತ್ತದೆ. ನುರಿತ ಗುರುಗಳು ಮತ್ತೊಂದು ಸುತ್ತು ಹೋದ ಶಿಷ್ಯನನ್ನು ಬೈಯುವುದಿಲ್ಲ, ಬೆನ್ನು ತಟ್ಟುತ್ತಾರೆ. ಅವನು ಗಾಳಿಯನ್ನು ಗೆಲ್ಲಲಿಲ್ಲವೆಂಬುದು ಅವರಿಗೆ ಗೊತ್ತು. ತನ್ನನ್ನು ತಾನು ಗೆದ್ದನೆಂಬುದೂ ಗೊತ್ತು. ಕೊಕ್ಕರೆಯೂ ಇಳಿಯುವ ಮುನ್ನ ಒಂದು ಸುತ್ತು ಹೆಚ್ಚು ತಿರುಗುತ್ತದೆಯೆ ಹೊರತು ನಾಚುವುದಿಲ್ಲ.

1903ರ ಡಿಸೆಂಬರ್ 17ರಂದು ಅಮೆರಿಕದ ಕಿಟ್ಟಿ ಹಾಕ್ ಬಳಿಯ ಮರಳುದಿಣ್ಣೆಗಳ ನಡುವೆ ರೈಟ್ ಸೋದರರು ನಾಲ್ಕು ಸಲ ಹಾರಿದರು. ನಾಲ್ಕನೆಯ ಸಲ 59 ಸೆಕೆಂಡುಗಳ ಕಾಲ 852 ಅಡಿ ಹಾರಿ ಇಳಿದುದು ಲೋಕಪ್ರಸಿದ್ಧ. ಆ ಬಳಿಕ ನಡೆದುದನ್ನು ಬಲ್ಲವರು ವಿರಳ. ವಿಮಾನವನ್ನು ಹೊತ್ತು ತಂದು ನಿಲ್ಲಿಸಿ ಎಲ್ಲರೂ ಮಾತನಾಡುತ್ತಿದ್ದಾಗ ಗಾಳಿಯ ಒಂದು ಬೀಸು ಅದನ್ನೆತ್ತಿ ಉರುಳುರುಳಾಗಿ ಕೆಡವಿತು. ಹಿಡಿದು ನಿಲ್ಲಿಸಹೋದ ಜಾನ್ ಡೇನಿಯಲ್ಸ್ ಎಂಬಾತ ತಂತಿ–ಕಡ್ಡಿಗಳ ನಡುವೆ ಸಿಕ್ಕಿ ಉರುಳಿ ಹೇಗೋ ಬದುಕಿಕೊಂಡ. ಆ ಯಂತ್ರ ಮತ್ತೆಂದೂ ಹಾರಲಿಲ್ಲ. ಅದನ್ನು ಮುರಿದುದು ಆಕಾಶವಲ್ಲ, ನೆಲದ ಮೇಲಿನ ಗಾಳಿ.

ಎತ್ತುಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿ ಮೇವು ಹಾಕುವವರೆಗೆ ರೈತನ ದಿನ ಮುಗಿಯದು. ಹಾಗೆಯೆ ಗಾಲಿ ನಿಂತು, ಎಂಜಿನ್ ನಿಂತು, ರೆಕ್ಕೆಗಳನ್ನು ಹಗ್ಗದಿಂದ ನೆಲದ ಗೂಟಕ್ಕೆ ಬಿಗಿದ ಮೇಲೆಯೇ ವೈಮಾನಿಕನ ಹಾರಾಟ ಮುಗಿದಂತೆ. ಅಲ್ಲಿಯವರೆಗೆ ಕೈ ಗಾಳಿಯತ್ತ ಇರಲಿ, ಕಾಲು ಎಚ್ಚರವಾಗಿರಲಿ.